ಕರಡಿಯ ಬೆನ್ನಿಗೆ ಮೀನುಮುಳ್ಳಿನ ಬಾಚಣಿಗೆ

ಒಂದು ಕಾಡಿನಲ್ಲಿ, ಬಂಡೆಗಳ ಸಂದಿಯಲ್ಲಿ, ಕರಿಯವ್ವ ಎಂಬ ತಾಯಿ ಕರಡಿ ತನ್ನ ಮರಿಯೊಡನೆ ಇತ್ತು. ಕರಡಿಗಳ ಪದ್ಧತಿಯಂತೆ ಮರಿಯು ತಾಯಿಯ ಬೆನ್ನೇರಿ, ಉದ್ದ ಕೂದಲನ್ನು ಹಿಡಿದು ಕೂರುತ್ತಿತ್ತು. ಹಾಗೇ ಹೊತ್ತುಕೊಂಡು ತಾಯಿ ದಿನವೆಲ್ಲ ಗೆದ್ದಲು ಹುಡುಕಿ ಅಲೆಯುತ್ತಿತ್ತು. ಕೂದಲು ಸಿಕ್ಕುಗಟ್ಟಿತ್ತು. ಬಾಚಿಕೊಳ್ಳಲು ಪುರುಸೊತ್ತೂ ಇರಲಿಲ್ಲ, ತ್ರಾಣವೂ ಇರಲಿಲ್ಲ.

ಅದೇ ಕಾಡಿನ ನರಿಗೆ ಮೆತ್ತನೆಯ ಹಾಸಿಗೆಯ ಆಸೆ. ಕರಡಿಯ ಕೂದಲ ಮೇಲೆ ಅದರ ಕಣ್ಣು. ಒಂದು ದಿನ ಮೀನಿನ ಮುಳ್ಳುಗಳನ್ನು ಒತ್ತೊತ್ತಾಗಿ ಜೋಡಿಸಿದ ಬಾಚಣಿಗೆ ಹಿಡಿದು ಬಂತು.

"ಏನಕ್ಕಾ, ಅದು ಬೆನ್ನೋ, ಹುಲ್ಲಿನ ಬಣವೆಯೋ?"

"ಏನು ಮಾಡಲಪ್ಪಾ. ಕೂತರೆ ಏಳೋಕಾಗಲ್ಲ."

"ನೀನು ಸುಮ್ಮನೆ ಕೂತಿರು, ನಾನು ಬಾಚ್ತೀನಿ. ಇದರಿಂದಲೇ ಮೊಲದಮ್ಮ ಹೇಗೆ ಹೊಳೀತಾಳೆ ನೋಡು!"

"ಮೊಲದ ಕೂದಲು ನವಿರು. ನನ್ನದು ಒರಟು ಕಣೋ."

"ಕೂದಲು ಅಂದರೆ ಕೂದಲೇ ಅಲ್ವೇನಕ್ಕಾ!"

ಕರಡಿಗೆ ವಾದ ಮಾಡುವ ಶಕ್ತಿಯಿರಲಿಲ್ಲ. ಬೆನ್ನು ಕೊಟ್ಟಿತು. ನರಿ ಬುಡದಿಂದಲೇ ಎಳೆಯಿತು. ಸಿಕ್ಕು ಬಿಡಲಿಲ್ಲ, ಕೂದಲೇ ಕಿತ್ತು ಬಂತು.

"ಅಯ್ಯೋ!"

"ತಾಳಕ್ಕಾ, ಸತ್ತ ಕೂದಲು ಅದು."

ಹೀಗೆ ನಾಲ್ಕು ದಿನ ನಡೆಯಿತು. ಕಿತ್ತದ್ದನ್ನೆಲ್ಲ ನರಿ ತನ್ನ ಬಿಲಕ್ಕೆ ಸಾಗಿಸಿತು.

ಐದನೆಯ ದಿನ ಕರಡಿ ಮರಿಯನ್ನು ಹೊತ್ತು ಬಂಡೆ ಹತ್ತುತ್ತಿತ್ತು. ಮರಿಗೆ ಹಿಡಿಯಲು ಕೂದಲೇ ಸಿಗಲಿಲ್ಲ. ಜಾರಿ ಕೆಳಗೆ ಬಿತ್ತು. ದೇವರ ದಯೆ, ಕೆಳಗೆ ಪೊದೆಯಿತ್ತು. ಜೀವ ಉಳಿಯಿತು. ಮುಂಗಾಲು ಮಾತ್ರ ಊದಿಕೊಂಡಿತು.

"ಅವ್ವಾ, ನಿನ್ನ ಬೆನ್ನು ಯಾಕೆ ಹೀಗಾಯ್ತು?" ಎಂದು ಮರಿ ಅತ್ತಿತು. ಕರಡಿ ಅದರ ಊದಿದ ಕಾಲನ್ನು ನೆಕ್ಕಿತು.

ಇದನ್ನು ಕಂಡ ಕರಿಮೋರೆಯ ಮುದಿ ಕೋತಿ, ಮುಸುವ, ಮರದಿಂದ ಇಳಿದು ಬಂತು. "ಕರಿಯವ್ವಾ, ದೇವರು ಒಬ್ಬೊಬ್ಬರಿಗೆ ಒಂದೊಂದು ಬಗೆಯ ಕೂದಲು ಕೊಟ್ಟಿದ್ದಾನೆ. ಮೊಲದ ನವಿರು ಕೂದಲಿಗೆ ಒತ್ತು ಹಲ್ಲು ಸರಿ. ನಿನ್ನ ದಟ್ಟ ಕೂದಲಿಗೆ ಬೆರಳು ತೂರುವಷ್ಟು ಬಿಡುಹಲ್ಲು ಬೇಕು. ಸಿಕ್ಕನ್ನೂ ತುದಿಯಿಂದ ಬಿಡಿಸುತ್ತಾ ಬುಡಕ್ಕೆ ಹೋಗಬೇಕು" ಎಂದು ಬಿದಿರು ಸೀಳಿ ಬಾಚಣಿಗೆ ಮಾಡಿಕೊಟ್ಟಿತು.

"ನನಗೂ ಗೊತ್ತಿತ್ತು ಅಜ್ಜಾ. ದಣಿದಿದ್ದೆ. ಯಾರಾದರೂ ಬಾಚಿದರೆ ಸಾಕು ಅನ್ನಿಸಿತ್ತು" ಎಂದಿತು ಕರಡಿ.

ಇತ್ತ ನರಿ ಹೊಸ ಹಾಸಿಗೆಯಲ್ಲಿ ಕಾಲು ಚಾಚಿ ಮಲಗಿತು. ಆದರೆ ಕೂದಲ ಜೊತೆಗೆ ರಕ್ತ ಹೀರುವ ಉಣುಗುಗಳೂ ಬಂದಿದ್ದವು. ಮೈಯೆಲ್ಲ ನವೆ ಹತ್ತಿತು. ಕೆರೆದು ಕೆರೆದು ನರಿಯ ಬಾಲ ಬೋಳಾಯಿತು, ಚರ್ಮ ಹುಣ್ಣಾಯಿತು. ಬಿಲ ಬಿಟ್ಟು ಓಡಿಬಂದು ಕರಡಿಯ ಮುಂದೆ ಹೊರಳಾಡಿತು.

"ಅಕ್ಕಾ, ತಪ್ಪಾಯ್ತು. ಏನಾದರೂ ಮದ್ದು ಹೇಳು!"

"ನಿನ್ನ ಜೊತೆ ಜಗಳಕ್ಕೂ ನನಗೆ ತ್ರಾಣವಿಲ್ಲ. ದಾರಿ ಬಿಡು" ಎಂದಿತು ಕರಡಿ.

ಬೆನ್ನಿನ ಕೂದಲು ಮತ್ತೆ ಬೆಳೆಯಲು ಒಂದು ಮಳೆಗಾಲವೇ ಬೇಕಾಯಿತು. ಅಲ್ಲಿಯತನಕ ಕುಂಟುವ ಮರಿಯ ಪಕ್ಕದಲ್ಲಿ, ಮರಿಯ ಹೆಜ್ಜೆಗೆ ಹೆಜ್ಜೆ ಕೂಡಿಸುತ್ತಾ ತಾಯಿ ನಡೆಯಿತು.

ನೀತಿ: ನಮ್ಮ ಕೂದಲ ಗುಣ ನೋಡಿ ನಾವೇ ಬಾಚಣಿಗೆ ಆರಿಸಬೇಕು. ನಯವಾಗಿ ಮಾತಾಡುವವರಿಗೆ ದಣಿವಾಯಿತೆಂದು ಬೆನ್ನು ಕೊಡಬಾರದು.