ಕುಂಕುಮ ಹಚ್ಚಿದ ಅಲಗು

“ಬುದ್ಧಿ, ಹೆಮ್ಮೆ ಪಡುವುದು ತಪ್ಪೇ?” ಎಂದು ಶಿಷ್ಯನೊಬ್ಬ ಗುರುಗಳನ್ನು ಕೇಳಿದ. ಬೆಳಿಗ್ಗೆ ಸಭೆಯಲ್ಲಿ ಅವನು ಒಪ್ಪಿಸಿದ ಪಾಠವನ್ನು ನಾಲ್ಕು ಮಂದಿ ಹೊಗಳಿದ್ದರು. ಅದು ಅವನಿಗೆ ಹಿತವಾಗಿತ್ತು. ಹಿತವಾಯಿತಲ್ಲ ಎಂದೇ ಅಳುಕೂ ಆಗಿತ್ತು.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಗೃಹಸ್ಥನಿದ್ದ. ಮರಗೆಲಸ ಅವನ ಕಸುಬಲ್ಲ, ಮನೆಮಟ್ಟಿಗಿನ ಹವ್ಯಾಸ. ಹೊಸ ಮನೆಗೆ ದೇವರ ಮಂಟಪವನ್ನು ತಾನೇ ಮಾಡುತ್ತೇನೆಂದು ನೆಂಟರಿಷ್ಟರ ಮುಂದೆ ಮಾತು ಕೊಟ್ಟಿದ್ದ. ಮನೆ ಕಟ್ಟುವಾಗ ಕಡಿಸಿದ ಹಲಸಿನಿಂದ ಬಂದ ಅಗಲವಾದ ಹಲಗೆ ಒಂದೇ ಒಂದು ಅವನ ಬಳಿ ಇತ್ತು. ಕೆಟ್ಟರೆ ಅಂಥದ್ದು ಇನ್ನೊಂದಿಲ್ಲ.

ಹಲಗೆಯ ಅಂಚನ್ನು ಗುಂಡಗೆ ಕೊರೆಯಲು ರೂಟರ್ ಯಂತ್ರವಿತ್ತು. ಅದರ ಬಾಯಿಗೆ ಸಿಕ್ಕಿಸುವ ಅಲಗುಗಳು, ಬಿಟ್ ಎನ್ನುತ್ತಾರಲ್ಲ, ಅವು ಬೇಕಾಗಿದ್ದವು. ಹೆಸರುವಾಸಿ ಮಾಲು ಅವನ ಕೈಗೆ ನಿಲುಕುವಂತಿರಲಿಲ್ಲ. ಅಗ್ಗದ ಒಂದು ಪೆಟ್ಟಿಗೆ ತಂದ.

ಹೆಂಡತಿಯ ತಮ್ಮ ಅದನ್ನು ತೆರೆದು ನೋಡಿ ನಕ್ಕ. “ಭಾವ, ಪೆಟ್ಟಿಗೆ ಬಲು ಚೆನ್ನಾಗಿದೆ. ಒಳಗಿರುವುದನ್ನು ಗುಜರಿಗೆ ಹಾಕಿ. ಅಕ್ಕ ಏಲಕ್ಕಿ, ಲವಂಗ ತುಂಬಿಟ್ಟುಕೊಳ್ಳಲಿ.”

“ಬೆಲೆ ನೋಡಿ ಹಳಿಯಬೇಡ ಕಣಯ್ಯಾ. ನನ್ನನ್ನೂ ನಿಮ್ಮಪ್ಪ ಅಗ್ಗಕ್ಕೇ ತಂದದ್ದು. ಬಾಳಿಕೆ ಬಂದಿಲ್ಲವೇ?”

ಹಾಗೆಂದರೂ ಅವನು ಕಣ್ಣು ಮುಚ್ಚಿ ನಂಬುವವನಲ್ಲ. ಒಂದೊಂದನ್ನೂ ಬೆಳಕಿಗೆ ಹಿಡಿದು ಬೆಸುಗೆ ನೋಡಿದ. ಉಗುರು ತಾಗಿಸಿ ಹರಿತ ನೋಡಿದ. ಹಲಸಿನದೇ ತುಂಡುಗಳ ಮೇಲೆ ಓಡಿಸಿ, ಕೊರೆದ ಜಾಗವನ್ನು ಕೆನ್ನೆಗೆ ಒತ್ತಿ ನುಣುಪು ನೋಡಿದ. ಒಂದು ಅಲಗು ಮರವನ್ನು ಸುಟ್ಟು ಕಪ್ಪು ಮಾಡಿತು, ಅದನ್ನು ಪಕ್ಕಕ್ಕಿಟ್ಟ. ಒಂದರ ಪಾಪವನ್ನು ಮಿಕ್ಕವುಗಳ ತಲೆಗೆ ಕಟ್ಟಲಿಲ್ಲ. ಮಿಕ್ಕವು ಬಾಳೆದಿಂಡು ಕೊಯ್ದಷ್ಟು ಸಲೀಸಾಗಿ ಕೊರೆದವು. ತನ್ನ ಆಯ್ಕೆ ಗೆದ್ದಿತೆಂದು ಅವನ ಎದೆ ಉಬ್ಬಿತು. ಭಾವಮೈದುನನನ್ನೂ ನೆಂಟರನ್ನೂ ಕರೆಸಿ, ಅವರ ಕಣ್ಣೆದುರೇ ಹಲಗೆಗೆ ಕೈಹಚ್ಚಲು ನಿಂತ.

ದೇವರ ಕೆಲಸ. ಪೂಜೆ ಮಾಡದೆ ಆಯುಧ ಎತ್ತುವುದುಂಟೇ? ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಯಂತ್ರಕ್ಕಿಟ್ಟ. ಅಲಗಿಗೂ ಇಡಬೇಕು, ಕೊರೆಯುವ ಕಡೆ ಇಟ್ಟರೆ ಮರಕ್ಕೆ ಕಲೆಯಾದೀತೆಂದು ಬುಡಕ್ಕೆ ಹಚ್ಚಿದ. ಕೈಮುಗಿದು, ಆ ಬುಡವನ್ನು ಯಂತ್ರದ ಬಾಯಿಗೆ ಸಿಕ್ಕಿಸಿ ಬಿಗಿದು, ಗುಂಡಿ ಒತ್ತಿದ.

ಅರ್ಧ ಅಂಚು ಕೊರೆಯುವಷ್ಟರಲ್ಲಿ ಯಂತ್ರದ ದನಿ ಒಡೆಯಿತು. ನಿಲ್ಲಿಸಿ ನೋಡಿದರೆ ಅಲಗು ಕೆಳಗೆ ಜಾರಿ, ಹಲಗೆಯನ್ನು ಬೇಕಾದ್ದಕ್ಕಿಂತ ಆಳಕ್ಕೆ ಕಚ್ಚಿತ್ತು.

“ನಾನು ಹೇಳಲಿಲ್ಲವೇ ಭಾವ! ತಪ್ಪು ನಿಮ್ಮದಲ್ಲ ಬಿಡಿ, ಅಗ್ಗದ ಮಾಲಿನದು,” ಎಂದ ಭಾವಮೈದುನ. ಬಾಗಿಲಲ್ಲಿ ನಿಂತ ನೆಂಟರೂ ತಲೆಯಾಡಿಸಿದರು.

ಗೃಹಸ್ಥ ಅಲಗನ್ನು ಬಿಚ್ಚಿ ಪಂಚೆಯ ಚುಂಗಿಗೆ ಒರೆಸಿದ. ಚುಂಗು ಕೆಂಪಾಯಿತು. ಎಣ್ಣೆ ಹತ್ತಿದ ಬುಡವನ್ನು ಯಾವ ಯಂತ್ರ ತಾನೇ ಹಿಡಿದೀತು! ಆ ಕೆಂಪನ್ನು ಅವನಲ್ಲದೆ ಯಾರೂ ನೋಡಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು, ದೂರು ಅಲಗಿನ ಪಾಲಾಗುತ್ತಿತ್ತು, ಒಳ್ಳೆಯ ಕೆಲಸಗಾರನೆಂಬ ಹೆಸರು ಅವನಿಗೇ ಉಳಿಯುತ್ತಿತ್ತು. ಆದರೆ ಅವನು ಚುಂಗನ್ನು ಬಿಡಿಸಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

“ನೆಲ ನೆಟ್ಟಗಿದೆ ಕಣಯ್ಯಾ, ಕುಣಿದವನೇ ಡೊಂಕು. ಇದು ಒಳ್ಳೆಯ ಅಲಗು. ಎಣ್ಣೆ ಹಚ್ಚಿ ಜಾರಿಸಿದವನು ನಾನು.”

“ಭಕ್ತಿ ಹೆಚ್ಚಾಗಿ ಬುಡಕ್ಕೇ ಬಂತಲ್ಲ ಭಾವ!”

ಎಲ್ಲರೂ ನಕ್ಕರು. ಅವನೂ ನಕ್ಕ. ಬುಡವನ್ನು ಚೆನ್ನಾಗಿ ಒರೆಸಿ, ಅದೇ ಅಲಗನ್ನು ಬಿಗಿದು, ಅದು ಕಚ್ಚಿದ್ದ ಆಳಕ್ಕೇ ಹಲಗೆಯ ಸುತ್ತಲೂ ಕೊರೆದ. ಗುಂಡಂಚಿನ ಮೇಲೆ ಸಣ್ಣ ಮೆಟ್ಟಿಲೊಂದು ಮೂಡಿ ಸುತ್ತ ಹರಿಯಿತು. ಗೃಹಪ್ರವೇಶಕ್ಕೆ ಬಂದವರು ಆ ಮೆಟ್ಟಿಲನ್ನೇ ಮುಟ್ಟಿ ಮುಟ್ಟಿ ಮೆಚ್ಚಿದರು. “ಅದು ನನ್ನ ತಪ್ಪಿನ ಗುರುತು,” ಎಂದು ಅವನು ಒಬ್ಬೊಬ್ಬರಿಗೂ ತಲೆಯೆತ್ತಿಯೇ ಹೇಳಿದ.

ಗುರುಗಳು ಕತೆ ಮುಗಿಸಿದರು. ಶಿಷ್ಯ, “ಅಂತೂ ನೆಂಟರೆದುರು ಅವನ ಹೆಮ್ಮೆ ಇಳಿಯಿತಲ್ಲವೇ ಬುದ್ಧಿ?” ಎಂದ.

“ಇಳಿದದ್ದು ಜಂಬ ಮಗು, ಹೆಮ್ಮೆ ಹುಟ್ಟಿದ್ದೇ ಅಲ್ಲಿ.”