ನಲವತ್ತೊಂದು ಅಡಿ

"ಕಂಪ್ಯೂಟರ್ ಪದವಿಯ ಗುರಿ ಏನು, ಸರ್?" ಎಂದು ಶಿಷ್ಯ ಕೇಳಿದ.

ಅವನು ಆ ವರ್ಷವಷ್ಟೇ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ್ದ. ಪರಿಶೀಲನೆಗೆ ಸಮಿತಿ ಬರುವುದಿತ್ತು. ಹನ್ನೆರಡು ಗುರಿಗಳ ಪಟ್ಟಿಯೊಂದನ್ನು ಮೇಲಿನವರು ಅವನ ಕೈಗೆ ಕೊಟ್ಟಿದ್ದರು.

ಗುರುಗಳು ಪಟ್ಟಿ ಓದಿ ಹಿಂದಕ್ಕೆ ಕೊಟ್ಟರು. "ಹನ್ನೆರಡು ಇವೆಯಲ್ಲ. ಸಾಲದೇ?"

"ಒಂದಾದರೂ ಅರ್ಥವಾದರೆ ಸಾಕು, ಸರ್."

"ಹಾಗಾದರೆ ಕೇಳು" ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ, ನೀರು ನಲವತ್ತೊಂದು ಅಡಿ ಮುಟ್ಟುವವರೆಗೆ ಅಣೆಕಟ್ಟಿಗೆ ಅಪಾಯವಿಲ್ಲ ಎಂದು ಎಲ್ಲರೂ ನಂಬಿದ್ದರು. ಅದು ಕಂಪ್ಯೂಟರ್ ಲೆಕ್ಕ ಹಾಕಿ ಹೇಳಿದ ಅಂಕಿ ಎನ್ನುತ್ತಿದ್ದರು.

ಅಣೆಕಟ್ಟಿನ ಪಕ್ಕದಲ್ಲೇ ಕಾಲೇಜು. ಅಲ್ಲಿ ಓದಿದವರೇ ಗೇಟು ತೆರೆಯುವ ಕೋಣೆಯಲ್ಲಿ ಕೂರುತ್ತಿದ್ದರು. ಆದ್ದರಿಂದ ಲ್ಯಾಬಿನ ಏಳನೆಯ ಪ್ರಯೋಗವೇ ಅದು: ನೀರು ಎಷ್ಟು ಅಡಿ ಏರಿದಾಗ ಗೇಟು ತೆರೆಯಬೇಕು ಎಂದು ಕಂಡುಹಿಡಿಯಿರಿ. ವಿದ್ಯಾರ್ಥಿಗಳು ಉತ್ತರವನ್ನು ರೆಕಾರ್ಡಿನಲ್ಲಿ ಬರೆಯಬೇಕು, ಮೇಷ್ಟ್ರು ಸಹಿ ಹಾಕಬೇಕು. ಸಹಿ ಇಲ್ಲದವರಿಗೆ ಪರೀಕ್ಷೆ ಇಲ್ಲ.

ಅಣೆಕಟ್ಟಿನ ಕೆಳಗೆ, ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಹರಿಗೋಲು ಹಾಕಿ ಮಗಳನ್ನು ಆ ಕಾಲೇಜಿನಲ್ಲಿ ಓದಿಸುತ್ತಿದ್ದ. ಏಳನೆಯ ಪ್ರಯೋಗದ ದಿನ ಅವಳ ಪರದೆಯ ಮೇಲೆ ಮೂವತ್ತನಾಲ್ಕು ಎಂದು ಬಂತು. ಎಲ್ಲವನ್ನೂ ಅಳಿಸಿ ಮತ್ತೆ ಟೈಪ್ ಮಾಡಿದಳು. ಮೂವತ್ತನಾಲ್ಕೇ ಬಂತು.

ಪಕ್ಕದಲ್ಲಿದ್ದವಳು ಇಣುಕಿ ನೋಡಿದಳು. "ರನ್ ಮಾಡು ಅಂತ ನಿಂಗೆ ಯಾರೇ ಹೇಳಿದ್ದು? ಸೀನಿಯರ್ ರೆಕಾರ್ಡ್ ನೋಡಿ ಬರಿ. ಎಲ್ಲರೂ ಅದನ್ನೇ ತಾನೆ ಮಾಡೋದು."

ಮೇಷ್ಟ್ರು ಬಂದು ನೋಡಿ, ಮಷೀನು ಕೆಟ್ಟಿದೆ ಎಂದರು. ಬೇರೆ ಮಷೀನಿನಲ್ಲಿ ಹಾಕಿಸಿದರು. ಅದೂ ಕೆಟ್ಟಿತ್ತು. ಮೂವತ್ತು ಮಷೀನುಗಳೂ ಒಂದೇ ಥರ ಕೆಟ್ಟಿದ್ದವು. ಕೊನೆಗೆ ಮೇಷ್ಟ್ರು ಪ್ರೋಗ್ರಾಮಿನ ತುದಿಗೆ ಒಂದು ಸಾಲು ಸೇರಿಸಿದರು. ಉತ್ತರ ಏನೇ ಬರಲಿ, ಪರದೆಯ ಮೇಲೆ ನಲವತ್ತೊಂದು ತೋರಿಸಬೇಕು ಎಂಬ ಸಾಲು. ಮಷೀನುಗಳು ಸರಿಯಾದವು. ಆ ವರ್ಷದ ವರದಿಯಲ್ಲಿ ಲ್ಯಾಬಿನ ಸುಧಾರಣೆ ಎಂದು ಅದನ್ನು ಬರೆದುಕೊಂಡರು.

ಹುಡುಗಿ ಬೀರು ತೆಗೆಸಿ ಹದಿನಾರು ವರ್ಷದ ರೆಕಾರ್ಡುಗಳನ್ನು ನೋಡಿದಳು. ಎಲ್ಲದರಲ್ಲೂ ನಲವತ್ತೊಂದು. ಅದರ ಮೇಲಿನ ಸಾಲಿನಲ್ಲಿ ಒಂದು ಕಾಟು. ಮೊದಲು ಏನೋ ಬರೆದು ಎರಡು ಓರೆ ಗೆರೆ ಎಳೆದು ಹೊಡೆದುಹಾಕಿದ ಹಾಗೆ. ಎಲ್ಲ ವರ್ಷವೂ ಅದೇ ಜಾಗದಲ್ಲಿ, ಅದೇ ಎರಡು ಗೆರೆ. ಏನನ್ನು ಹೊಡೆದುಹಾಕುತ್ತಿದ್ದೇವೆ ಎಂದು ಯಾರಿಗೂ ಗೊತ್ತಿರಲಿಲ್ಲ. ಕಾಟನ್ನೂ ಉತ್ತರದ ಭಾಗವೆಂದು ತಿಳಿದು ಇಳಿಸಿಕೊಂಡಿದ್ದರು. ಪುಟ ತಿರುಗಿಸುತ್ತ ಹೋದಂತೆ, ಹದಿನಾರು ವರ್ಷವೂ ಒಬ್ಬನೇ ಕುಳಿತು ಬರೆಯುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಿತು. ಬೀರು ಮುಚ್ಚಿದಳು.

ಮಾರನೆಯ ದಿನ ಸಹಿಗೆ ಕಡೆಯ ದಿನ. ಅವಳೂ ಮೂವತ್ತನಾಲ್ಕು ಎಂದು ಬರೆದು, ಎರಡು ಗೆರೆ ಎಳೆದು, ಕೆಳಗೆ ನಲವತ್ತೊಂದು ಎಂದು ಬರೆದಳು. ಹತ್ತಕ್ಕೆ ಹತ್ತು ಬಂತು.

ಶ್ರಾವಣದಲ್ಲಿ ನೀರು ಹಿಂದೆಂದೂ ಇಲ್ಲದಷ್ಟು ಏರಿತು. ಮೂವತ್ತನಾಲ್ಕು ಅಡಿ ದಾಟಿದ ಬೆಳಿಗ್ಗೆ ಅಣೆಕಟ್ಟಿನ ಗೋಡೆಯೊಳಗಿಂದ ಸದ್ದು ಕೇಳತೊಡಗಿತು. ಒಳಗೆ ಯಾರೋ ಬೀಸುಕಲ್ಲು ತಿರುಗಿಸುವಂಥ ಸದ್ದು. ಅದು ನಿಲ್ಲಲೂ ಇಲ್ಲ, ಹೆಚ್ಚಲೂ ಇಲ್ಲ. ಕೇಳಿದವರು ನಲವತ್ತೊಂದಕ್ಕೆ ಇನ್ನೂ ದೂರವಿದೆ ಎಂದು ಸುಮ್ಮನಾದರು.

ಹುಡುಗಿ ಗೇಟಿನ ಕೋಣೆಗೆ ಓಡಿದಳು. ಅಲ್ಲಿ ಚಿನ್ನದ ಪದಕ ಪಡೆದವನೊಬ್ಬ ಕುಳಿತಿದ್ದ.

"ಗೋಡೆ ಸದ್ದು ಮಾಡ್ತಿದೆ, ಅಣ್ಣಾ. ಗೇಟು ತೆಗೀರಿ."

"ಇನ್ನೂ ಆರಡಿಗಿಂತ ಹೆಚ್ಚಿದೆ, ತಂಗಿ. ಸದ್ದು ಸಿಲಬಸ್ಸಿನಲ್ಲಿಲ್ಲ."

ಅವಳು ದಡಕ್ಕೆ ಓಡಿದಳು. ಅಪ್ಪ ಹರಿಗೋಲನ್ನು ನೀರಿಗೆ ಎಳೆಯುತ್ತಿದ್ದ. ಗುಡ್ಡ ಹತ್ತೋಣ ಬಾ ಎಂದಳು. ಯಾಕೆ ಎಂದ. ಹೇಳಿದಳು. ಅವನು ಒಳಗೆ ಹೋಗಿ, ಬಟ್ಟೆ ಸುತ್ತಿಟ್ಟಿದ್ದ ಅವಳ ರೆಕಾರ್ಡನ್ನು ತಂದು ಬಿಚ್ಚಿದ. ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಅಂಕಿ ಬರುತ್ತಿತ್ತು.

"ನಲವತ್ತೊಂದು. ನೀನೇ ಬರೆದೀಯಲ್ಲವ್ವಾ."

"ಅದು ಸುಳ್ಳು, ಅಪ್ಪಾ."

"ಹುಚ್ಚಿ. ಸುಳ್ಳಿಗೆ ಹತ್ತಕ್ಕೆ ಹತ್ತು ಕೊಡ್ತಾರೇನು?" ಎಂದು ನಕ್ಕ. "ಆಚೆ ದಡದಾಗ ನಾಕು ಮಂದಿ ಕಾಯ್ತಾ ನಿಂತಾರ. ಒಂದು ಸಲ ಹೋಗಿ ಬಂದುಬಿಡ್ತೀನಿ" ಎಂದು ಪುಸ್ತಕವನ್ನು ಅವಳ ಕೈಗಿಟ್ಟು ಹರಿಗೋಲು ನೂಕಿದ.

ಮೂವತ್ತಾರು ಅಡಿಗೆ ಗೋಡೆ ಹೋಯಿತು. ಹುಡುಗಿಯ ಕೂಗಾಟ ಕೇಳಿ ಗುಡ್ಡ ಹತ್ತಿದ್ದವರು ಹನ್ನೊಂದು ಮಂದಿ. ಅವರಲ್ಲಿ ಅವಳೂ ಒಬ್ಬಳು. ಅಂಬಿಗ ಸಿಗಲಿಲ್ಲ. ಹರಿಗೋಲೂ ಸಿಗಲಿಲ್ಲ. ಗೇಟಿನ ಕೋಣೆ ಬಂಡೆಯ ಮೇಲಿದ್ದುದರಿಂದ ಉಳಿಯಿತು. ಕಾಯಲು ನೀರೇ ಇಲ್ಲದ ಅಣೆಕಟ್ಟಿನ ಮುಂದೆ ಪದಕದವನು ಸಂಜೆಯವರೆಗೂ ಕುಳಿತಿದ್ದ. ಪರದೆಯ ಮೇಲೆ 'ಅಪಾಯವಿಲ್ಲ' ಎಂದೇ ಇತ್ತು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಪಟ್ಟಿಯನ್ನು ಪಕ್ಕಕ್ಕಿಟ್ಟ. "ಆಮೇಲಿನವರೆಲ್ಲ ನಕಲು ಮಾಡಿದರು, ಸರ್. ಒಪ್ಪುತ್ತೇನೆ. ಆದರೆ ಅವರಿಗಾದರೂ ನಕಲು ಮಾಡಲು ಒಂದು ಮೂಲ ಬೇಕಲ್ಲ. ಮೊದಲ ವರ್ಷದವರು ಕಂಪ್ಯೂಟರಿನಲ್ಲಿ ಹಾಕಿಯೇ ಬರೆದಿರಬೇಕು. ಆಗ ಅದು ತಪ್ಪು ಲೆಕ್ಕ ಕೊಟ್ಟಿರಬೇಕು."

"ಆ ಕಾಲೇಜಿಗೆ ಕಂಪ್ಯೂಟರ್ ಬಂದದ್ದು ಎರಡನೆಯ ವರ್ಷ" ಎಂದರು ಗುರುಗಳು.