ಹೆಣ್ಣುಕುದುರೆ ಉದ್ದ ಹಗಲಿಗೆ ಕಾಯುವುದೇಕೆ

ಭೂಮಿಯ ಹಸಿ ಇನ್ನೂ ಆರಿರದ ಕಾಲ. ಹೊಳೆಗಳಿಗೆ ತಮ್ಮ ದಾರಿ ಇನ್ನೂ ರೂಢಿಯಾಗಿರಲಿಲ್ಲ. ಬೆಳಿಗ್ಗೆ ಒಂದು ಕಡೆ ಹರಿದರೆ ಸಂಜೆ ಇನ್ನೊಂದು ಕಡೆ ಹರಿದು ಮೀನುಗಳಿಂದ ಬೈಸಿಕೊಳ್ಳುತ್ತಿದ್ದವು. ಆಗ ಹೆಣ್ಣುಕುದುರೆಗಳು ವರ್ಷದ ಯಾವ ತಿಂಗಳಲ್ಲಾದರೂ ಬೆದೆಗೆ ಬರುತ್ತಿದ್ದವು, ಯಾವ ತಿಂಗಳಲ್ಲಾದರೂ ಈಯುತ್ತಿದ್ದವು.

ಹುಲ್ಲುಬಯಲಿನಲ್ಲಿ ಹುಲಿಗೆವ್ವ ಎಂಬ ಹೆಂಗಸು ತನ್ನ ಅಣ್ಣ ಭರಮಣ್ಣನ ಜೊತೆ ಕುದುರೆ ಸಾಕಿಕೊಂಡಿದ್ದಳು. ಅವರಲ್ಲೊಂದು ಪದ್ಧತಿಯಿತ್ತು. ಮರಿ ನೆಲಕ್ಕೆ ಬಿದ್ದ ಕೂಡಲೇ ಅದಕ್ಕೊಂದು ಹೆಸರಿಟ್ಟು, ನಾಲ್ಕು ದಿಕ್ಕಿಗೂ ಕೂಗಿ ಹೇಳಬೇಕು. ಗಾಳಿಗೂ ಗೊತ್ತಾಗಲಿ, ಹೊಳೆಗೂ ಗೊತ್ತಾಗಲಿ ಎಂದು. ಭರಮಣ್ಣನ ಕೂಗು ಮೂರು ಗುಡ್ಡ ದಾಟುತ್ತಿತ್ತು. ಅವನಿಗೆ ಅದೇ ಒಂದು ದೊಡ್ಡ ಹೆಮ್ಮೆ.

ಬೇಸಿಗೆಯಲ್ಲಿ ಹುಟ್ಟಿದ ಮರಿಗಳೆಲ್ಲ ಬದುಕಿದವು. ಆದರೆ ಹಗಲು ಚಿಕ್ಕದಾಗುವ ಚಳಿಗಾಲದಲ್ಲಿ ಬಯಲಿಗೆ ಕಾವಳ ಬರುತ್ತಿತ್ತು. ಬೆಳಗಾದರೂ ಹೋಗದ ದಟ್ಟ ಮಂಜು ಅದು. ಅದಕ್ಕೆ ಮೈಯಿರಲಿಲ್ಲ, ಮುಖವಿರಲಿಲ್ಲ, ಕೇಳುವ ಕಿವಿ ಮಾತ್ರ ಇತ್ತು.

ಬಿಳಿಗಾಲಿ ಎಂಬ ಕುದುರೆ ಎರಡು ಚಳಿಗಾಲದಲ್ಲಿ ಎರಡು ಮರಿ ಈದಿತ್ತು. ಎರಡೂ ಸಲ ಭರಮಣ್ಣ ಹೆಸರು ಕೂಗಿದ. ಎರಡೂ ಸಲ ಸ್ವಲ್ಪ ಹೊತ್ತಿಗೆ ಮಂಜಿನೊಳಗಿಂದ ಯಾರೋ ಅದೇ ಹೆಸರು ಹಿಡಿದು ಕರೆದರು, ಬಿಳಿಗಾಲಿಯದೇ ದನಿಯಲ್ಲಿ. ಬಿಳಿಗಾಲಿಯೋ, ಇಲ್ಲೇ ಬಾಯಿ ಮುಚ್ಚಿಕೊಂಡು ನಿಂತಿತ್ತು. ಹಿಡಿಯುವಷ್ಟರಲ್ಲಿ ಮರಿ ಕಿವಿ ನಿಮಿರಿಸಿ, ನಡುಗುವ ಕಾಲಲ್ಲಿ ಮಂಜಿನೊಳಕ್ಕೆ ಹೋಗಿಬಿಟ್ಟಿತು. ಆಮೇಲೆ ಸಿಕ್ಕಿದ್ದು ಪುಟ್ಟ ಗೊರಸಿನ ಗುರುತುಗಳು ಮಾತ್ರ. ಬಯಲಿನ ನಡುವೆ ಅವೂ ನಿಂತುಹೋಗಿದ್ದವು.

ಮೂರನೇ ಚಳಿಗಾಲಕ್ಕೂ ಬಿಳಿಗಾಲಿ ತುಂಬು ಗಬ್ಬ. ಹುಲಿಗೆವ್ವನಿಗೆ ತುತ್ತು ಇಳಿಯಲಿಲ್ಲ. ಈ ಮರಿಯೂ ಹೋದರೆ ಕುದುರೆ ಎದೆಯೊಡೆದು ಸಾಯುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಮರಿ ಬೆಳಗಿನ ಮಂಜಿನಲ್ಲೇ ಹುಟ್ಟಿತು. ಭರಮಣ್ಣ ಉಸಿರೆಳೆದು ಬಾಯಿ ತೆರೆದ. ಹುಲಿಗೆವ್ವ ಅಂಗೈಯಿಂದ ಅವನ ಬಾಯಿ ಮುಚ್ಚಿದಳು.

"ಕೂಗಬ್ಯಾಡಣ್ಣ. ಹೆಸರು ಇಡೂದೇ ಬ್ಯಾಡ," ಎಂದು ಪಿಸುಗುಟ್ಟಿದಳು. "ಕಾವಳಕ್ಕ ಹೆಸರು ಹೇಳಿಕೊಟ್ಟು ಎರಡನ್ನೂ ನಾವೇ ಕಳಕೊಂಡೇವಿ."

ಕಾವಳ ಹತ್ತಿರ ಬಂತು. ಅವರ ಸುತ್ತ ಮೆಲ್ಲಗೆ ಸುತ್ತಿತು. ಹುಲ್ಲು ತುಳಿದ ಸದ್ದಿಲ್ಲ, ಉಸಿರಿನ ಸದ್ದೂ ಇಲ್ಲ.

"ಹೆಸರೇನು?" ಎಂದಿತು, ಬಿಳಿಗಾಲಿಯ ದನಿಯಲ್ಲಿ. ಹುಲಿಗೆವ್ವ ಅಣ್ಣನ ಬಾಯಿಯನ್ನು ಇನ್ನೂ ಗಟ್ಟಿಯಾಗಿ ಒತ್ತಿದಳು.

"ಹೆಸರೇನವ್ವ?" ಎಂದಿತು, ಹುಲಿಗೆವ್ವನ ಸತ್ತ ತಾಯಿಯ ದನಿಯಲ್ಲಿ. ಹುಲಿಗೆವ್ವನಿಗೆ ಕಣ್ಣು ತುಂಬಿ ಬಂತು. ಆದರೂ ತುಟಿ ಬಿಚ್ಚಲಿಲ್ಲ.

"ತಂಗಿ, ಮರೀಗೆ ಏನಂತ ಹೆಸರಿಡೂಣು?" ಎಂದಿತು ಮೂರನೇ ಸಲ. ಅದು ಭರಮಣ್ಣನ ದನಿ. ಉತ್ತರ ಅವಳ ನಾಲಗೆಯ ತುದಿಗೆ ಬಂದಿತ್ತು. ಆದರೆ ಭರಮಣ್ಣನ ಬಾಯಿ ಇನ್ನೂ ಅವಳ ಅಂಗೈ ಕೆಳಗೇ ಇತ್ತು, ಒಂದಿಷ್ಟೂ ಅಲುಗಿರಲಿಲ್ಲ. ಅವಳು ಉತ್ತರ ನುಂಗಿಕೊಂಡಳು.

ಸೂರ್ಯ ತಡವಾಗಿ ಬಂದ. ಬಿಸಿಲು ತಾಗಿ ಕಾವಳ ಹಿಂದೆ ಸರಿಯಿತು. ಮರಿ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತ್ತು.

"ಯಾಕ ಇಷ್ಟ ತಡ ಸೂರ್ಯಪ್ಪ?" ಎಂದು ಹುಲಿಗೆವ್ವ ಜಗಳಕ್ಕೇ ನಿಂತಳು.

"ಈ ತಿಂಗಳದಾಗ ನನ್ನ ದಾರೀನೇ ಗಿಡ್ಡ ಐತಿ ತಾಯಿ. ನಾ ಬರೂದರೊಳಗ ಅದು ಬಂದಿರ್ತೈತಿ," ಎಂದ ಸೂರ್ಯ.

ಬಿಳಿಗಾಲಿ ತಲೆ ಎತ್ತಿತು. "ಹಂಗಾದ್ರ ಗಿಡ್ಡ ಹಗಲಿನಾಗ ನಾ ಈಯೂದೇ ಇಲ್ಲ. ಆದ್ರ ಹಗಲು ಗಿಡ್ಡೋ ಉದ್ದೋ, ನನಗ ಹೆಂಗ ತಿಳೀಬೇಕು?"

ಸೂರ್ಯ ಅದರ ದೊಡ್ಡ ಕಣ್ಣೊಳಗೆ ಒಂದು ಹನಿ ಬೆಳಕು ಬಿಟ್ಟ. "ಇದು ನಿನ್ನ ಹಗಲು ಅಳೀತೈತಿ. ಹಗಲು ಗಿಡ್ಡ ಇದ್ದಾಗ ನಿನ್ನ ಒಡಲಿಗೆ ಮಲಗು ಅಂತೈತಿ, ಬೆಳೆದಾಗ ಏಳು ಅಂತೈತಿ. ಆಗ ಗಬ್ಬ ಆಗಿ ಹನ್ನೊಂದು ತಿಂಗಳು ಹೊತ್ತರ, ಈಯೂದೂ ಹಗಲು ಬೆಳೆಯೂ ಹೊತ್ತಿಗೆ. ಆದ್ರ ಒಡಲು ಮಲಗಿದ್ದಾಗ ಗಂಡುಕುದುರೆ ಎಷ್ಟು ಕರೆದ್ರೂ ನಿನಗ ಬ್ಯಾಡ ಅನಸ್ತೈತಿ. ನೋಡು."

"ಅನಸ್ಲಿ," ಎಂದಿತು ಬಿಳಿಗಾಲಿ, ಮರಿಯನ್ನು ನೆಕ್ಕುತ್ತಾ.

"ಹಂಗಾದ್ರ ಚಳಿಗಾಲದಾಗ ನಾ ಏನು ಕೂಗ್ಲಿ?" ಎಂದ ಭರಮಣ್ಣ, ಮುಖ ಸಣ್ಣದು ಮಾಡಿಕೊಂಡು.

"ಬಾಯಿ ಮುಚ್ಚಿಕೊಂಡು ಹುಲ್ಲು ಕೊಯ್ಯಿ," ಎಂದಳು ತಂಗಿ.

ಅಂದಿನಿಂದ, ಸಂಕ್ರಾಂತಿ ದಾಟಿ ಹಗಲು ಬೆಳೆಯುತ್ತಾ ಬಂದಂತೆ ಹೆಣ್ಣುಕುದುರೆ ಬಾಲ ಎತ್ತಿ, ಕೆನೆದು, ಗಂಡಿಗಾಗಿ ಕಾಯುತ್ತದೆ. ಐದಾರು ದಿನ ಹಾಗೆ. ಗಬ್ಬ ನಿಲ್ಲದಿದ್ದರೆ ಮೂರು ವಾರಕ್ಕೊಮ್ಮೆ ಮತ್ತೆ ಹಾಗೆ. ಹಗಲು ಚಿಕ್ಕದಾದರೆ ಎಲ್ಲ ನಿಂತುಬಿಡುತ್ತದೆ. ಚಳಿಗಾಲದ ಬೆಳಿಗ್ಗೆ ಲಾಯದ ಬಾಗಿಲಿಗೆ ಮಂಜು ಒತ್ತಿಕೊಂಡು ನಿಂತಿದ್ದರೂ, ಒಳಗೆ ಹೆಣ್ಣುಕುದುರೆ ಯಾವ ಕರೆಗೂ ಕಿವಿ ತಿರುಗಿಸದೆ ಸುಮ್ಮನೆ ಹುಲ್ಲು ತಿನ್ನುತ್ತಿರುವುದನ್ನು ನೀನೂ ನೋಡಿದ್ದೀಯಲ್ಲ ಮಗು. ಕಾವಳ ಕರೆದೊಯ್ಯಲು ಅಲ್ಲಿ ಯಾವ ಮರಿಯೂ ಹುಟ್ಟಿಲ್ಲವೆಂದು ಕುದುರೆಗೆ ಗೊತ್ತು.